ಅಂಗಿಯೊಂದರ ಚರಿತ್ರೆ: ಹಳೆಯ ಹಾಕಿ ಪೋಷಾಕುಗಳ ಸತ್ಯಪರೀಕ್ಷೆ

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಹೊಕ್ಕ ಸಂಗತಿಯನ್ನು ಚಾಮರಾಜನಗರದ 1117ರ ಶಾಸನವು ಹೇಳುತ್ತದೆ. ನಮ್ಮ ಬೆಟ್ಟದ ಚರಿತ್ರೆಯನ್ನು ಬರೆಯುವವರೆಲ್ಲರೂ ಆ ಕಲ್ಲನ್ನು ನಂಬುತ್ತಾರೆ. ಅದರಲ್ಲಿ ಕಾಲವಿದೆ, ಹೆಸರಿದೆ, ಸ್ಥಳವಿದೆ. ಲಿಪಿಯೇ ಅದರ ವಯಸ್ಸಿಗೆ ಸಾಕ್ಷಿಯಾಗಿ ನಿಂತಿದೆ. ಆದರೆ ಮನುಷ್ಯನು ಬಿಟ್ಟುಹೋಗುವ ಕುರುಹುಗಳೆಲ್ಲ ಕಲ್ಲಿನವಲ್ಲ. ಬಟ್ಟೆ, ಮರ, ಕಾಗದಗಳೂ ಚರಿತ್ರೆಯನ್ನು ಹೊತ್ತಿರುತ್ತವೆ. ಅವು ಬೇಗ ನಶಿಸುತ್ತವೆ, ಸುಲಭವಾಗಿ ಸುಳ್ಳನ್ನೂ ಹೇಳುತ್ತವೆ. ಅಂಥ ಸಾಕ್ಷಿಗಳಲ್ಲಿ ಒಂದಾದ ಹಾಕಿ ಆಟಗಾರನ ಅಂಗಿಯನ್ನು ಪರೀಕ್ಷಿಸುವ ಬಗೆಯನ್ನು ಕುರಿತು ಇಲ್ಲಿ ವಿಚಾರ ಮಾಡೋಣ.

ಆಟಗಾರರು ಪಂದ್ಯದಲ್ಲಿ ತೊಟ್ಟ ಅಂಗಿಗಳನ್ನು ಸಂಗ್ರಹಿಸುವ ಹವ್ಯಾಸ ಪಾಶ್ಚಾತ್ಯ ದೇಶಗಳಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆದಿದೆ. 1972ರ ಸೆಪ್ಟೆಂಬರ್ 28ರಂದು ಮಾಸ್ಕೋದಲ್ಲಿ ಸೋವಿಯತ್ ತಂಡದ ಮೇಲೆ ಕೆನಡಾದ ಪಾಲ್ ಹೆಂಡರ್ಸನ್ ಕೊನೆಯ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದನು. ಅಂದು ಅವನು ತೊಟ್ಟಿದ್ದ ಐಸ್ ಹಾಕಿಯ ಅಂಗಿ 2010ರ ಹರಾಜಿನಲ್ಲಿ 12 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಹೆಂಡರ್ಸನ್ ಅದನ್ನು ತಂಡದ ಸಹಾಯಕನೊಬ್ಬನಿಗೆ ಕೊಟ್ಟಿದ್ದನೆಂಬುದೂ ಅಲ್ಲಿಂದ ಅದು ಕೈಯಿಂದ ಕೈಗೆ ಸಾಗಿದ ದಾರಿಯೂ ತಿಳಿದಿದ್ದವು. ಇಂಥ ದಾರಿ ತಿಳಿಯದಿದ್ದರೆ ಅದೊಂದು ಹಳೆಯ ಉಡುಪಾಗಿ ಉಳಿಯುತ್ತಿತ್ತು.

ಇದು ನಮಗೆ ಏಕೆ ಮುಖ್ಯ? ನಮ್ಮ ನೆರೆಯ ಕೊಡಗು ಹಾಕಿಯ ತವರು. 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕನಾಗಿ ಬೆಳ್ಳಿ ತಂದ ಎಂ.ಪಿ. ಗಣೇಶ್, 1975ರ ಮಾರ್ಚ್ 15ರಂದು ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ, ಇವರೆಲ್ಲರೂ ಆ ನೆಲದವರು. ಇತ್ತ ನೀಲಗಿರಿಯಲ್ಲಿ, ಹಿಂದೆ ಜಕ್ಕತಲ ಎಂದು ಕರೆಯುತ್ತಿದ್ದ ವೆಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವಿದೆ. ಲವ್‌ಡೇಲಿನಲ್ಲಿ 1858ರಷ್ಟು ಹಿಂದೆಯೇ ಆರಂಭವಾದ ಲಾರೆನ್ಸ್ ಶಾಲೆಯಿದೆ. ಸೇನೆ ಮತ್ತು ವಸತಿಶಾಲೆ ಇರುವಲ್ಲಿ ಹಾಕಿ ಕೋಲು ಇದ್ದೇ ಇರುತ್ತದೆ. ಮೈಸೂರು ಸೀಮೆಯಿಂದಲೂ ಕೊಡಗಿನಿಂದಲೂ ಬಂದು ಉದಕಮಂಡಲ, ಗೂಡಲೂರು, ಮಸಿನಗುಡಿಗಳಲ್ಲಿ ನೆಲೆಸಿದ ಮನೆಗಳ ಟ್ರಂಕುಗಳಲ್ಲಿ ಅಜ್ಜನ ಕಾಲದ ಆಟದ ಅಂಗಿ ಮಡಚಿಟ್ಟಿದ್ದರೆ ಆಶ್ಚರ್ಯವಿಲ್ಲ. ಅದರ ಬೆಲೆ ಹಣದಲ್ಲಿ ಎಷ್ಟೆಂಬುದು ಬೇರೆ ಮಾತು. ಮನೆತನದ ಚರಿತ್ರೆಯಲ್ಲಿ ಅದು ಪುಣಿಸನ ಕಲ್ಲಿಗೆ ಸಮಾನ.

ಪರೀಕ್ಷೆಯ ಮೊದಲ ಹೆಜ್ಜೆ ವರ್ಗೀಕರಣ. ಒಂದು ತಂಡದ ಅಂಗಿ ಮೂರು ಬಗೆಯದಾಗಿರಬಹುದು. ಪಂದ್ಯದಲ್ಲಿ ಆಟಗಾರ ನಿಜವಾಗಿ ತೊಟ್ಟದ್ದು ಒಂದು. ಅವನಿಗೆಂದು ತಂಡ ಕೊಟ್ಟಿದ್ದರೂ ಪೆಟ್ಟಿಗೆಯಲ್ಲೇ ಉಳಿದದ್ದು ಎರಡನೆಯದು. ಅಭಿಮಾನಿಗಳಿಗಾಗಿ ಅಂಗಡಿಯಲ್ಲಿ ಮಾರಿದ್ದು ಮೂರನೆಯದು. ಮೂರರ ಬಣ್ಣವೂ ಅಂಕಿಯೂ ಒಂದೇ ಆಗಿರಬಹುದು. ಮೋಸ ನಡೆಯುವುದು ಹೆಚ್ಚಾಗಿ ಈ ಗಡಿಗಳಲ್ಲಿಯೇ: ಮೂರನೆಯದನ್ನು ಮೊದಲನೆಯದೆಂದು ಹೇಳುವುದರಲ್ಲಿ.

ಎರಡನೆಯ ಹೆಜ್ಜೆ ನೂಲಿನ ಪರೀಕ್ಷೆ. ನೈಲಾನ್ ಲೋಕಕ್ಕೆ ಪ್ರಕಟವಾದದ್ದು 1938ರಲ್ಲಿ. ಪಾಲಿಯೆಸ್ಟರ್ ನೂಲನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು 1941ರಲ್ಲಿ, ಅದು ಬಟ್ಟೆಯಾಗಿ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಆದುದರಿಂದ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಧ್ಯಾನಚಂದರ ತಂಡ ತೊಟ್ಟದ್ದೆಂದು ಯಾರಾದರೂ ತೋರಿಸುವ ಅಂಗಿಯಲ್ಲಿ ಪಾಲಿಯೆಸ್ಟರ್ ಎಳೆಯಿದ್ದರೆ ಮುಂದಿನ ವಾದವೇ ಬೇಕಿಲ್ಲ. ಒಳಹೊಲಿಗೆಯ ಅಂಚಿನಿಂದ ಸಡಿಲವಾದ ಒಂದೇ ಒಂದು ಎಳೆಯನ್ನು ತೆಗೆದು ಸುಟ್ಟು ನೋಡುವುದು ಹಳೆಯ ವಿಧಾನ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಿ ಹಳೆಯದಾಗಿದ್ದು ಹೊಲಿಗೆಯ ದಾರ ಮಾತ್ರ ಹೊಸದಾಗಿರುವುದೂ ಉಂಟು. ಅಂಕಿಯನ್ನು ಕಿತ್ತು ಬೇರೆ ಅಂಕಿ ಹೊಲಿದಿರುವ ಸಂಶಯಕ್ಕೆ ಅದು ಕಾರಣ. ಆಗ ಅಂಕಿಯ ಸುತ್ತ ಹಳೆಯ ಸೂಜಿರಂಧ್ರಗಳನ್ನು ಹುಡುಕಬೇಕು.

ನೇರಳಾತೀತ ದೀಪವೂ ನೆರವಾಗುತ್ತದೆ. ಬಿಳುಪನ್ನು ಹೆಚ್ಚಿಸುವ ಹೊಳಪಿನ ರಾಸಾಯನಿಕಗಳು ಎರಡನೆಯ ಮಹಾಯುದ್ಧದ ಅನಂತರವಷ್ಟೇ ಸಾಮಾನ್ಯ ಬಳಕೆಗೆ ಬಂದವು. ಅವುಳ್ಳ ಬಟ್ಟೆ ಕತ್ತಲಲ್ಲಿ ಈ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಆದರೆ ಹಳೆಯ ಹತ್ತಿ ಅಂಗಿಯನ್ನು ಇಂದಿನ ಬಟ್ಟೆಪುಡಿಯಲ್ಲಿ ಒಮ್ಮೆ ಒಗೆದರೂ ಅದು ಹೊಳೆಯತೊಡಗುತ್ತದೆ. ಹೊಳಪೊಂದನ್ನೇ ಕಂಡು ಅಂಗಿ ಹೊಸದೆಂದು ತೀರ್ಪು ಕೊಡಲಾಗದು. ಹೊಳೆಯದಿರುವುದು ಮಾತ್ರ ಹಳೆತನದ ಪರವಾದ ಒಂದು ಸಾಕ್ಷಿ.

ಮೂರನೆಯದು ಅಕ್ಷರಗಳ ಪರೀಕ್ಷೆ. ಇಲ್ಲಿ ಚರಿತ್ರೆಯ ಸಾಮಾನ್ಯ ಜ್ಞಾನವೇ ದೊಡ್ಡ ಆಯುಧ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. 1970ರ ರಾಷ್ಟ್ರೀಯ ಪಂದ್ಯಾವಳಿಯದೆಂದು ಹೇಳುವ ಅಂಗಿಯ ಎದೆಯ ಮೇಲೆ ರಾಜ್ಯತಂಡದ ಹೆಸರು ‘ಕರ್ನಾಟಕ’ ಎಂದಿದ್ದರೆ ಅದು ನಿಲ್ಲುವುದಿಲ್ಲ. ಮದ್ರಾಸ್ ರಾಜ್ಯಕ್ಕೆ ತಮಿಳುನಾಡೆಂಬ ಹೆಸರು ಅಧಿಕೃತವಾಗಿ ಬಂದದ್ದು 1969ರ ಜನವರಿಯಲ್ಲಿ. ಕೊರಳಪಟ್ಟಿಯ ಒಳಗೆ ಹೊಲಿದ ತಯಾರಕರ ಚೀಟಿಯಲ್ಲಿ ವಿಳಾಸವಿದ್ದರೆ ಅದನ್ನು ಭೂತಗನ್ನಡಿಯಿಟ್ಟು ಓದಬೇಕು. ಆರು ಅಂಕಿಗಳ ಪಿನ್‌ಕೋಡ್ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಚೀಟಿಯಲ್ಲಿ ಅದಿದ್ದರೆ ಅಂಗಿ ಅದಕ್ಕಿಂತ ಹಿಂದಿನದಲ್ಲ. ಉಣ್ಣೆಯ ಉಡುಪಿನಲ್ಲಿ ಕಾಣುವ ಸುರುಳಿಯಾಕಾರದ ವೂಲ್‌ಮಾರ್ಕ್ ಮುದ್ರೆ 1964ರಲ್ಲಿ ಹುಟ್ಟಿತು. ಇತ್ತೀಚಿನ ಭಾರತ ತಂಡದ ಅಂಗಿಯ ಮೇಲೆ ‘ಒಡಿಶಾ’ ಎಂದಿದ್ದರೆ ಅದು 2018ರ ಅನಂತರದ್ದು. ಆ ರಾಜ್ಯ ತಂಡದ ಪ್ರಾಯೋಜಕನಾದದ್ದು ಆ ವರ್ಷ.

ನಾಲ್ಕನೆಯದು ಸವೆತದ ಪರೀಕ್ಷೆ. ತೊಟ್ಟ ಅಂಗಿಯು ತೊಟ್ಟವನ ಮೈಯನ್ನು ನೆನಪಿಟ್ಟುಕೊಂಡಿರುತ್ತದೆ. ಕೊರಳು, ಕಂಕುಳುಗಳಲ್ಲಿ ಬೆವರಿನ ಹಳದಿ ಇಳಿದಿರುತ್ತದೆ. ಚಡ್ಡಿಯೊಳಗೆ ಸಿಕ್ಕಿಸಿ ತೊಡುತ್ತಿದ್ದ ಕಾಲದ ಅಂಗಿಯಾದರೆ ಬಿಸಿಲು ಕಂಡ ಮೇಲ್ಭಾಗಕ್ಕೂ ಕಾಣದ ಕೆಳಅಂಚಿಗೂ ಬಣ್ಣದಲ್ಲಿ ವ್ಯತ್ಯಾಸ ಬಿದ್ದಿರುತ್ತದೆ. ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲಿನ ಅಂಗಣ ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ. ಅದಕ್ಕೆ ಹಿಂದಿನ ಅಂಗಿಗಳಲ್ಲಿ ಮಣ್ಣು, ಹುಲ್ಲಿನ ಕಲೆಗಳು ನಿರೀಕ್ಷಿತ; ಕೃತಕ ಅಂಗಣದಲ್ಲಿ ಜಾರಿಬಿದ್ದವನ ಬಟ್ಟೆಯಲ್ಲಿ ಉಜ್ಜಿದ ಗುರುತೇ ಹೆಚ್ಚು. ಚಹದ ಕಷಾಯದಲ್ಲಿ ಅದ್ದಿ, ಕಲ್ಲಿಗೆ ಉಜ್ಜಿ ಹಳತಾಗಿಸಿದ ಅಂಗಿಯಲ್ಲಿ ಕಲೆ ಎಲ್ಲೆಡೆ ಒಂದೇ ಸಮನಾಗಿರುತ್ತದೆ. ನಿಜವಾದ ಸವೆತಕ್ಕೆ ಒಂದು ಕಾರಣ, ಒಂದು ಸ್ಥಾನ ಇರುತ್ತದೆ.

ಇವೆಲ್ಲಕ್ಕಿಂತ ಬಲವಾದದ್ದು ಭಾವಚಿತ್ರದೊಂದಿಗೆ ಹೋಲಿಕೆ. ಅಂಕಿ ಹೊಂದಿತೆಂದರೆ ಸಾಲದು. ಪಟ್ಟೆಯು ಹೊಲಿಗೆಯನ್ನು ಸಂಧಿಸುವ ಜಾಗ, ಓರೆಯಾಗಿ ಕೂತ ಲಾಂಛನ, ತೋಳಿನ ತೇಪೆ ಮುಂತಾದ ಕೈಕೆಲಸದ ವೈಚಿತ್ರ್ಯಗಳು ಎರಡು ಅಂಗಿಗಳಲ್ಲಿ ಒಂದೇ ತೆರನಾಗಿ ಇರುವುದು ಅಪರೂಪ. ಅಂದಿನ ಪತ್ರಿಕೆಯ ಚಿತ್ರದಲ್ಲೋ ಶಾಲೆಯ ಗುಂಪುಚಿತ್ರದಲ್ಲೋ ಅದೇ ವೈಚಿತ್ರ್ಯ ಕಂಡರೆ ಅಂಗಿಯ ಮಾತು ನಿಜವಾಗುತ್ತದೆ.

ನಮ್ಮ ತೋಡರ ಪುತ್ಕುಳಿ ಹೊದಿಕೆಯನ್ನು ಬಲ್ಲವರಿಗೆ ಈ ತರ್ಕ ಹೊಸದಲ್ಲ. ಬಿಳಿಯ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರಗಳಿಂದ, ಮುಂಚಿತವಾಗಿ ಗೆರೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಹಾಕುವ ಕಸೂತಿ ಅದು. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಯಂತ್ರದ ಅನುಕರಣೆಯನ್ನು ಗುರುತಿಸಬಲ್ಲ ಕಣ್ಣು ಅಂಗಿಯ ಹೊಲಿಗೆಯನ್ನೂ ಓದಬಲ್ಲದು.

ಆದರೂ ಬಟ್ಟೆಯೊಂದೇ ಎಲ್ಲವನ್ನೂ ಹೇಳಲಾರದು. ಯಾರಿಂದ ಯಾರಿಗೆ, ಯಾವಾಗ, ಏಕೆ ಕೈಬದಲಾಯಿತು ಎಂಬ ಸರಪಳಿ ಬೇಕು. ಇದಕ್ಕೆ ಉದಕಮಂಡಲವೇ ಒಂದು ಪಾಠ ಕೊಟ್ಟಿದೆ. ಸ್ನೂಕರ್ ಆಟವನ್ನು 1875ರಲ್ಲಿ ಜಬಲ್‌ಪುರದಲ್ಲಿ ರೂಪಿಸಿದವನು ನೆವಿಲ್ ಚೇಂಬರ್ಲೇನ್ ಎಂಬ ತರುಣ ಸೇನಾಧಿಕಾರಿ. ಅದರ ನಿಯಮಗಳು 1882ರಲ್ಲಿ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಲಿಖಿತ ರೂಪ ಪಡೆದವು. ಅರ್ಧ ಶತಮಾನ ಕಳೆದ ಮೇಲೆ ಆಟದ ಹುಟ್ಟಿನ ಬಗ್ಗೆ ಬೇರೆ ವಾದಗಳು ಎದ್ದಾಗ ಮುದುಕನಾಗಿದ್ದ ಚೇಂಬರ್ಲೇನ್ ತಾನೇ ಪತ್ರ ಬರೆದನು. ಅಂದಿನ ಒಡನಾಡಿ ಅಧಿಕಾರಿಗಳು ಅದನ್ನು ಸಮರ್ಥಿಸಿದರು. 1939ರಲ್ಲಿ ಸಾಹಿತಿ ಕಾಂಪ್ಟನ್ ಮೆಕೆಂಜಿ ಈ ವೃತ್ತಾಂತವನ್ನು ಲೇಖನವಾಗಿ ಪ್ರಕಟಿಸಿದನು. ಸಾಕ್ಷಿಗಳು ಬದುಕಿರುವಾಗಲೇ ಬರೆದಿಟ್ಟುದರಿಂದ ಊಟಿಯ ಹೆಸರು ಆ ಆಟದ ಚರಿತ್ರೆಯಲ್ಲಿ ಉಳಿಯಿತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಮನಸ್ಸನ್ನು ಕಲಕುವಂಥದು. 1948, 1952, 1956ರ ಒಲಿಂಪಿಕ್ಸ್‌ಗಳಲ್ಲಿ ಮೂರು ಚಿನ್ನ ಗೆದ್ದ ಹಿರಿಯ ಬಲಬೀರ್ ಸಿಂಗ್ ಅವರು 1985ರಲ್ಲಿ ತಮ್ಮ 36 ಪದಕಗಳನ್ನೂ ಅಪೂರ್ವ ಭಾವಚಿತ್ರಗಳನ್ನೂ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಯಕನಾಗಿ ತೊಟ್ಟ ಬ್ಲೇಜರನ್ನೂ ಕ್ರೀಡಾ ವಸ್ತುಸಂಗ್ರಹಾಲಯಕ್ಕೆಂದು ಭಾರತೀಯ ಕ್ರೀಡಾ ಪ್ರಾಧಿಕಾರಕ್ಕೆ ಒಪ್ಪಿಸಿದರು. 2012ರಲ್ಲಿ ವಿಚಾರಿಸಿದಾಗ ಅವು ಸಿಗಲಿಲ್ಲ. ವರ್ಷಗಟ್ಟಲೆ ಕೇಳುತ್ತಲೇ ಇದ್ದ ಆ ಹಿರಿಯರು 2020ರ ಮೇ 25ರಂದು ತೀರಿಕೊಂಡರು. ಆ ಬ್ಲೇಜರ್ ನಾಳೆ ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಕಂಡರೂ ಜತೆಗೊಂದು ಚೀಟಿ ಇಲ್ಲದಿದ್ದರೆ ಅದನ್ನು ಗುರುತಿಸುವವರು ಯಾರು?

ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬ ಈ ವಿಷಯದಲ್ಲಿ ನಮಗೆ ಮಾದರಿ. ಪ್ರತಿ ವರ್ಷದ ಹಬ್ಬಕ್ಕೂ ಅದನ್ನು ನಡೆಸುವ ಮನೆತನದ ಹೆಸರು. ಆಡುವ ತಂಡಕ್ಕೂ ಅದರ ಒಕ್ಕದ ಹೆಸರು. ಅಂಗಿಯ ಮೇಲೆ ಇವೆರಡೂ ಇದ್ದರೆ ಕಾಲವೂ ವಂಶವೂ ಅಲ್ಲೇ ದಾಖಲಾದಂತೆ.

ನಮ್ಮ ಮನೆಗಳಲ್ಲಿ ಮಾಡಬೇಕಾದದ್ದು ಇಷ್ಟೆ. ಹಳೆಯ ಅಂಗಿಯನ್ನು ಒಗೆಯಬಾರದು. ಒಗೆದರೆ ಸಾಕ್ಷಿಯೇ ಹೋಗುತ್ತದೆ. ನೀಲಗಿರಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದಂತೆ ಪ್ಲಾಸ್ಟಿಕ್ ಚೀಲದಿಂದ ತೆಗೆದು, ಆಮ್ಲರಹಿತ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಆಗಾಗ ನೆರಳಿನಲ್ಲಿ ಗಾಳಿಗೆ ಹರಡಬೇಕು. ತೊಟ್ಟವರು ಇನ್ನೂ ನಮ್ಮ ನಡುವೆ ಇದ್ದರೆ ಯಾವ ಪಂದ್ಯ, ಯಾವ ಅಂಗಣ, ಯಾವ ವರ್ಷ ಎಂದು ಅವರ ಕೈಯಲ್ಲೇ ಬರೆಯಿಸಿ, ಸಹಿ ಹಾಕಿಸಿ, ಅಂಗಿಯೊಡನೆ ಅವರ ಭಾವಚಿತ್ರವನ್ನೂ ತೆಗೆದಿಡಬೇಕು. ಬರೆದದ್ದರ ಒಂದು ಪ್ರತಿ ಸಂಘದ ಕಪಾಟಿನಲ್ಲಿಯೂ ಇರಲಿ. ಎಂಬತ್ತು ದಾಟಿದ ಆಟಗಾರರಿರುವ ಮನೆಯವರು ಈ ಕೆಲಸವನ್ನು ಮುಂದಿನ ಸಮ್ಮೇಳನದವರೆಗೆ ಮುಂದೂಡದಿರಲಿ.