ದಮ್ಮು ಉಂಟು, ದಮ್ಮು ಇಲ್ಲ

ಬೆಳ್ತಂಗಡಿ ತಾಲೂಕಿನ ಗಡಾಯಿಕಲ್ಲು ಹತ್ತಿದವರ ಕಿವಿಗೆ ಈ ಮಾತು ಬಿದ್ದೇ ಇರುತ್ತದೆ: "ದಮ್ಮಯ್ಯ ಮಾರಾಯ್ರೆ, ಸ್ವಲ್ಪ ನಿಲ್ಲಿ, ದಮ್ಮು ಕಟ್ಟಿತು." ಸುಮಾರು 1,700 ಅಡಿ ಎತ್ತರ, ಬಂಡೆಯಲ್ಲೇ ಕಡಿದ 1,800ಕ್ಕೂ ಹೆಚ್ಚು ಮೆಟ್ಟಿಲು. ಅರ್ಧ ದಾರಿಯಲ್ಲಿ ಇಂಥ ಅರ್ಜಿ ಬಾರದಿದ್ದರೇ ಆಶ್ಚರ್ಯ.

ಆ ವಾಕ್ಯದ ಎರಡು ದಮ್ಮುಗಳು ಅಣ್ಣತಮ್ಮಂದಿರಂತೆ ಕಂಡರೂ ನೆಂಟಸ್ತಿಕೆ ಇಲ್ಲ. 'ದಮ್ಮಯ್ಯ'ದಲ್ಲಿರುವುದು ಧರ್ಮ. ಅದು ಪ್ರಾಕೃತದ ದಾರಿಯಲ್ಲಿ ದಮ್ಮವಾಗಿ, ಅಯ್ಯನನ್ನು ಕೂಡಿಕೊಂಡು ಅಂಗಲಾಚುವ ಮಾತಾಯಿತು. ಧವಳಾ ಎಂಬ ಜೈನ ಗ್ರಂಥಗಳ ತಾಳೆಗರಿಗಳನ್ನು ಕಾಪಾಡಿದ ಮೂಡುಬಿದಿರೆಯ ಆಸುಪಾಸಿನಲ್ಲಿ ಪ್ರಾಕೃತವೇನೂ ಪರದೇಶಿಯಲ್ಲ. ಇನ್ನೊಂದು ದಮ್ಮು ಪಾರಸಿಯದು, ಅರ್ಥ ಉಸಿರು. ಗಡಾಯಿಕಲ್ಲಿನ ಕೋಟೆಗೆ ತಾಯಿಯ ನೆನಪಲ್ಲಿ ಜಮಾಲಾಬಾದ್ ಎಂದು ಹೆಸರಿಟ್ಟ ಟಿಪ್ಪುವಿನ ಕಚೇರಿ ಭಾಷೆಯೂ ಪಾರಸಿಯೇ. 'ಏಕ್‌ದಮ್' ಎಂದರೆ ಒಂದೇ ಉಸಿರಿಗೆ. ಬಿರಿಯಾನಿ ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತುವುದೂ ಒಳಗಿನ ದಮ್ಮು ಹೊರಬೀಳದಿರಲಿ ಎಂದೇ.

ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಡುವವರ ಎದೆಗೂಡಿನಲ್ಲಿ ದೊಡ್ಡ ಗಡಿಬಿಡಿ. ಕಾಲಿನ ಸ್ನಾಯುಗಳು ಕಳಿಸಿದ ಇಂಗಾಲದ ಡೈಆಕ್ಸೈಡ್ ಹೊರಹಾಕಲು ಮೆದುಳು ಅವಸರ ಮಾಡುತ್ತದೆ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಗಿಳಿದು ಪಕ್ಕೆಲುಬು ಮೇಲೆದ್ದಾಗ ಗಾಳಿ ಒಳನುಗ್ಗುತ್ತದೆ. ಸುಮ್ಮನೆ ಕೂತಾಗ ಒಂದು ಉಸಿರಿಗೆ ಅರ್ಧ ಲೀಟರ್ ಸಾಕು. ಬಲಗಡೆಯ ಶ್ವಾಸಕೋಶಕ್ಕೆ ಮೂರು ಹಾಲೆ. ಎಡಗಡೆ ಎರಡೇ, ಹೃದಯಕ್ಕೂ ಜಾಗ ಬೇಕಲ್ಲ. 30 ಕೋಟಿಗೂ ಮಿಕ್ಕ ಗಾಳಿಚೀಲಗಳ ಒಳಮೈಯನ್ನು ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರ್. ಅಡಿಕೆ ಒಣಗಿಸುವ ಒಂದು ಸಣ್ಣ ಅಂಗಳದಷ್ಟು!

ಕೋಣಗಳ ಓಟವಾದ ಕಂಬಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಈ ಪದದ ಗತ್ತೇ ಬೇರೆ. 2020ರ ಫೆಬ್ರವರಿಯಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡ ಐಕಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಇಂಥ ಓಟಗಾರನನ್ನು ಕಂಡವರು "ಅವನಿಗೆ ದಮ್ಮು ಉಂಟು" ಎನ್ನುತ್ತಾರೆ. ಅಷ್ಟು ಚಿಕ್ಕ ಓಟಕ್ಕೆ ಬೇಕಾದ ಶಕ್ತಿಯ ಬಹುಪಾಲು ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟದ್ದು. ಶ್ವಾಸಕೋಶ ಸಾಲ ತೀರಿಸಲು ಕೂರುವುದು ಆಮೇಲೆ. ಹೊಗಳುವವರಿಗೆ ಆ ಲೆಕ್ಕ ಬೇಡ.

ಅದೇ ಮಾತನ್ನು ಅಜ್ಜಿಯ ಬಗ್ಗೆ ಹೇಳಿದರೆ ಅರ್ಥ ತಲೆಕೆಳಗು. "ಅಜ್ಜಿಗೆ ದಮ್ಮು ಉಂಟು" ಎಂದರೆ ಅಜ್ಜಿಗೆ ಉಬ್ಬಸ.

ಬಂಟ್ವಾಳದ ಕಡೆ ಈ ದಮ್ಮಿಗೆ ಇನ್ನೊಂದು ಮುಖವಿದೆ. ಅಲ್ಲಿನ ಎಷ್ಟೋ ಜಗಲಿಗಳಲ್ಲಿ ಹೆಂಗಸರು ನೆನೆಸಿದ ಎಲೆಯನ್ನು ಕತ್ತರಿಸಿ, ಚಿಟಿಕೆ ಹೊಗೆಸೊಪ್ಪಿನ ಹುಡಿ ಇಟ್ಟು ಸುರುಟಿ, ತುದಿ ಮಡಚಿ, ನೂಲು ಸುತ್ತಿ ಬೀಡಿ ಕಟ್ಟುತ್ತಾರೆ. ಮಜೂರಿ ಸಾವಿರದ ಲೆಕ್ಕದಲ್ಲಿ. ಮಕ್ಕಳ ಶಾಲೆಯ ಖರ್ಚಿಗೆ ಆದದ್ದು ಆ ದುಡ್ಡು. ಅವರ ಮೂಗಿಗೆ ಹೋದದ್ದು ಆ ಹುಡಿ. ಇನ್ನೆಲ್ಲೋ ಯಾರೋ ಆ ಬೀಡಿ ಹಚ್ಚಿ ಒಂದು ದಮ್ಮು ಎಳೆಯುತ್ತಾನೆ. ಶ್ವಾಸನಾಳದ ಕಸವನ್ನು ಮೇಲಕ್ಕೆ ತಳ್ಳುವ ಕಣ್ಣಿಗೆ ಕಾಣದ ರೋಮಗಳು ಆ ಹೊಗೆಗೆ ಸೋಲುತ್ತವೆ. ಅವನ ಕಾಯಿಲೆಯ ಹೆಸರೂ ಕೊನೆಗೆ ದಮ್ಮೇ.

ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟ ಡಾಕ್ಟರು ಮಾತ್ರ ಜಾಗ್ರತೆಯವರು. "ಜೋರಾಗಿ ಉಸಿರು ಎಳೆಯಿರಿ" ಎನ್ನುತ್ತಾರೆ. "ದಮ್ಮು ಎಳೆಯಿರಿ" ಎಂದರೆ ಎದುರಿಗೆ ಕೂತವನ ಕೈ ಕಿಸೆಗೆ ಹೋದೀತು.