ರುಚಿ ಗುರುತಿಸಿದ ಗಾಜಿನ ಕೊಳವೆ

ನಾಲಿಗೆಯೇ ಇಲ್ಲದೆ ರುಚಿ ಗುರುತಿಸಬಹುದೇ? ಜಪಾನಿನ ತೊಕುಶಿಮಾ ವಿಶ್ವವಿದ್ಯಾಲಯದಲ್ಲಿ ಕೆನಿಚಿ ಯೋಶಿಕಾವಾ ಮತ್ತು ಜೊತೆಗಾರರು 1980ರ ದಶಕದಲ್ಲಿ ಈ ಪ್ರಶ್ನೆ ಹಿಡಿದು ಹೊರಟಾಗ ಅವರ ಮುಂದಿದ್ದದ್ದು ಯು ಆಕಾರದ ಒಂದು ಗಾಜಿನ ಕೊಳವೆ, ಅಷ್ಟೆ.

ಕೊಳವೆಯ ತಳದಲ್ಲಿ ಪಿಕ್ರಿಕ್ ಆಮ್ಲ ಬೆರೆಸಿದ ನೈಟ್ರೋಬೆಂಜೀನ್. ನೀರಿಗಿಂತ ಭಾರವಾದ, ನೀರಿನ ಜೊತೆ ಬೆರೆಯದ ಎಣ್ಣೆಯಂಥ ದ್ರವ ಇದು. ಇಲ್ಲಿ ಪೊರೆಯ ಕೆಲಸ ಮಾಡುವುದೂ ಇದೇ. ಅದರ ಮೇಲೆ ಒಂದು ಬದಿಗೆ ಆಲ್ಕೋಹಾಲ್ ಮತ್ತು ಸಾಬೂನಿನ ಗುಣವುಳ್ಳ ಸಿಟಿಎಬಿ ಎಂಬ ರಾಸಾಯನಿಕ ಕಲಸಿದ ನೀರು, ಇನ್ನೊಂದು ಬದಿಗೆ ಬರೀ ನೀರು. ಎರಡೂ ಕಡೆ ವಿದ್ಯುದ್ವಾರ ಇಳಿಬಿಟ್ಟರೆ ಮಧ್ಯದ ವೋಲ್ಟೇಜ್ ಏರುತ್ತದೆ, ದಿಢೀರನೆ ಬೀಳುತ್ತದೆ, ಮತ್ತೆ ಏರುತ್ತದೆ. ಬ್ಯಾಟರಿ ಇಲ್ಲ, ಅಲುಗಾಡಿಸುವವರಿಲ್ಲ. ಸಾಬೂನಿನಂಥ ಅಣುಗಳು ನೀರು-ಎಣ್ಣೆಯ ಗಡಿಯಲ್ಲಿ ಸಾಲುಗಟ್ಟುತ್ತವೆ. ಜಾಗ ತುಂಬಿದೊಡನೆ ಗುಂಪಾಗಿ ಎಣ್ಣೆಯೊಳಕ್ಕೆ ನುಗ್ಗುತ್ತವೆ. ಗಡಿ ಖಾಲಿಯಾಗುತ್ತದೆ, ಸಾಲು ಮತ್ತೆ ಶುರು. ಯೋಶಿಕಾವಾ ಕೊಟ್ಟ ವಿವರಣೆ ಇದು.

ಆಲ್ಕೋಹಾಲ್ ಬದಲಿಸಿದರೆ ಮಿಡಿತದ ವೇಗ ಬದಲಾಗುತ್ತದೆ ಎಂದು ಅವರು 1984ರಲ್ಲಿ ಪ್ರಕಟಿಸಿದರು. ಆಮೇಲೆ ಉಪ್ಪು, ಸಿಹಿ, ಹುಳಿ, ಕಹಿ ವಸ್ತುಗಳ ಸರದಿ. ಮಿಡಿತದ ವೇಗ, ಎತ್ತರ, ಆಕಾರ ಒಂದೊಂದಕ್ಕೆ ಒಂದೊಂದು ರೀತಿ. ಇಲ್ಲೊಂದು ವಿಚಿತ್ರ ನೋಡಿ: ರುಚಿ ಹೇಳುವ ಈ ಪೊರೆಯ ಎರಡು ಮುಖ್ಯ ಪದಾರ್ಥಗಳೂ ನಾಲಿಗೆಗೆ ತಾಗಿಸಬಾರದ ವಿಷ.

ನಮ್ಮಲ್ಲೂ ಈ ಕೆಲಸ ನಡೆದಿದೆ. ರಾಜಸ್ಥಾನದ ಪಿಲಾನಿಯ ಬಿಟ್ಸ್‌ನಲ್ಲಿ ಆರ್. ಸಿ. ಶ್ರೀವಾಸ್ತವ ಅವರ ತಂಡ 1990ರ ದಶಕದಲ್ಲಿ ದ್ರವ ಪೊರೆಗಳ ವಿದ್ಯುತ್ ಮಿಡಿತವನ್ನು ಅಧ್ಯಯನ ಮಾಡಿತು.

ಕೊಳವೆಯೊಳಗೆ ಜೀವಕೋಶವೂ ಇರಲಿಲ್ಲ, ಪ್ರೋಟೀನೂ ಇರಲಿಲ್ಲ. ಹಾಗಾದರೆ ನಾಲಿಗೆಯಲ್ಲೂ ಕೊಬ್ಬಿನ ಪೊರೆಯೇ ರುಚಿ ಹಿಡಿಯುತ್ತದೆಯೇ? ಆ ಆಸೆ ಹೆಚ್ಚು ದಿನ ಉಳಿಯಲಿಲ್ಲ. 2000ದ ಆಸುಪಾಸಿನಲ್ಲಿ ಕಹಿಗೆ, ಸಿಹಿಗೆ ಪ್ರತ್ಯೇಕ ಗ್ರಾಹಕ ಪ್ರೋಟೀನುಗಳು ಸಿಕ್ಕವು. ನಾಲಿಗೆಯ ವಿವರಣೆಯಾಗಿ ಕೊಳವೆ ಸೋತಿತು. ಆದರೆ ಗ್ರಾಹಕವಿಲ್ಲದೆಯೂ ರುಚಿಯ ವಸ್ತುಗಳನ್ನು ಬೇರ್ಪಡಿಸಬಹುದು ಎಂಬ ಮಾತು ಸುಳ್ಳಾಗಲಿಲ್ಲ. ನನಗೆ ದೊಡ್ಡದೆನಿಸುವುದು ಅದೇ.

ಉಪಕರಣವಾಗಿ ಮಾತ್ರ ಅದಕ್ಕೊಂದು ಕಷ್ಟವಿತ್ತು. ಎರಡು ಬದಿಯ ವ್ಯತ್ಯಾಸ ಕರಗುತ್ತಿದ್ದಂತೆ ಮಿಡಿತ ನಿಲ್ಲುತ್ತದೆ, ಪುನಃ ತುಂಬಬೇಕು. ಕ್ಯೂಷು ವಿಶ್ವವಿದ್ಯಾಲಯದ ಕಿಯೋಷಿ ತೋಕೋ ಕೂಡ ಮಿಡಿಯುವ ಕೊಬ್ಬಿನ ಪೊರೆಗಳಿಂದಲೇ ಆರಂಭಿಸಿದವರು. ಆಮೇಲೆ ಮಿಡಿತದ ಹಂಗು ಬಿಟ್ಟು, ಕೊಬ್ಬನ್ನು ಪ್ಲಾಸ್ಟಿಕ್ಕಿನಲ್ಲಿ ಕೂರಿಸಿ, ಬೇರೆಬೇರೆ ಪೊರೆಗಳ ಸ್ಥಿರ ವೋಲ್ಟೇಜನ್ನು ಒಟ್ಟಿಗೆ ಓದುವ ದಾರಿ ಹಿಡಿದರು. 1993ರಲ್ಲಿ ಅನ್ರಿತ್ಸು ಕಂಪನಿ ಆ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಈಚಿನ ಮಾದರಿಗಳು ನಮ್ಮ ಅಡಿಕೆಯ ಒಗರಿನಂಥ ರುಚಿಯನ್ನೂ ಪ್ರತ್ಯೇಕವಾಗಿ ಅಳೆಯುತ್ತವೆ. ಔಷಧ ತಯಾರಕರಿಗೂ ಅದು ಬೇಕು: ಮನುಷ್ಯರ ಬಾಯಿಗೆ ಇನ್ನೂ ಹಾಕುವಂತಿಲ್ಲದ ಹೊಸ ಮದ್ದು ಎಷ್ಟು ಕಹಿ ಎಂದು ನೋಡಲು.