ರಾಸ್ಮುಸೆನ್ ಎನ್‌ಸೆಫಲೈಟಿಸ್

ರಾಸ್ಮುಸೆನ್ ಎನ್‌ಸೆಫಲೈಟಿಸ್ ಮಿದುಳಿನ ದೀರ್ಘಕಾಲಿಕ ಉರಿಯೂತದಿಂದ ಉಂಟಾಗುವ ಅಪರೂಪದ ಕಾಯಿಲೆ. ಇದು ಸಾಮಾನ್ಯವಾಗಿ ಮಿದುಳಿನ ಒಂದು ಅರ್ಧಗೋಳವನ್ನು ಮಾತ್ರ ಬಾಧಿಸುತ್ತದೆ ಮತ್ತು ಹೆಚ್ಚಾಗಿ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಔಷಧಗಳಿಗೆ ಬಗ್ಗದ ಅಪಸ್ಮಾರ (ಮೂರ್ಛೆರೋಗ), ದೇಹದ ಒಂದು ಪಾರ್ಶ್ವದ ದೌರ್ಬಲ್ಯ ಹಾಗೂ ಬೌದ್ಧಿಕ ಸಾಮರ್ಥ್ಯದ ಕುಸಿತ ಇದರ ಮುಖ್ಯ ಲಕ್ಷಣಗಳು. ಮಕ್ಕಳ ಔಷಧನಿರೋಧಕ ಅಪಸ್ಮಾರಕ್ಕೆ ಉರಿಯೂತವು ಕಾರಣವಾಗಬಲ್ಲದು ಎಂಬುದಕ್ಕೆ ಈ ಕಾಯಿಲೆ ಸ್ಪಷ್ಟ ನಿದರ್ಶನವಾಗಿದೆ.

ಇತಿಹಾಸ

ಕೆನಡಾದ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯ ನರಶಸ್ತ್ರವೈದ್ಯ ಥಿಯೋಡರ್ ರಾಸ್ಮುಸೆನ್ ಮತ್ತು ಅವರ ಸಹೋದ್ಯೋಗಿಗಳು 1958ರಲ್ಲಿ ಮೂವರು ರೋಗಿಗಳ ವಿವರಗಳೊಂದಿಗೆ ಈ ಕಾಯಿಲೆಯನ್ನು ಮೊದಲು ವರ್ಣಿಸಿದರು. ವೈರಾಣು ಸೋಂಕು ಇದಕ್ಕೆ ಕಾರಣವಿರಬಹುದೆಂದು ಊಹಿಸಲಾಗಿತ್ತಾದರೂ ಯಾವುದೇ ನಿರ್ದಿಷ್ಟ ವೈರಾಣು ಖಚಿತವಾಗಿ ಪತ್ತೆಯಾಗಿಲ್ಲ. 1994ರಲ್ಲಿ ಗ್ಲುಟಮೇಟ್ ಗ್ರಾಹಕವೊಂದರ ವಿರುದ್ಧದ ಪ್ರತಿಕಾಯಗಳು ಕೆಲವು ರೋಗಿಗಳಲ್ಲಿ ಕಂಡುಬಂದವು. ಆದರೆ ಅವು ಎಲ್ಲ ರೋಗಿಗಳಲ್ಲಿ ಇರುವುದಿಲ್ಲ. ಬೇರೆ ಬಗೆಯ ಅಪಸ್ಮಾರಗಳಲ್ಲೂ ಇರುತ್ತವೆ ಎಂದು ಮುಂದೆ ತಿಳಿದುಬಂತು.

ಉರಿಯೂತದ ಪಾತ್ರ

ರಕ್ಷಣಾ ವ್ಯವಸ್ಥೆಗೆ ಸೇರಿದ ಟಿ-ಜೀವಕೋಶಗಳು ಮಿದುಳನ್ನು ಪ್ರವೇಶಿಸಿ ನರಕೋಶಗಳಿಗೆ ಅಂಟಿಕೊಳ್ಳುತ್ತವೆ. ಅವು ಗ್ರ್ಯಾನ್‌ಜೈಮ್-ಬಿ ಎಂಬ ಕಿಣ್ವವನ್ನು ಬಿಡುಗಡೆ ಮಾಡಿ ನರಕೋಶಗಳನ್ನು ಕೊಲ್ಲುತ್ತವೆ. ಪ್ರಚೋದಿತವಾದ ಮೈಕ್ರೋಗ್ಲಿಯಾ ಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾದಂತಹ ಉರಿಯೂತಕಾರಕ ವಸ್ತುಗಳನ್ನು ಸ್ರವಿಸುತ್ತವೆ. ಇಂಥ ವಸ್ತುಗಳು ನರಕೋಶಗಳ ಉದ್ರೇಕವನ್ನು ಹೆಚ್ಚಿಸುತ್ತವೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಸೆಳವುಗಳೂ ಉರಿಯೂತವನ್ನು ಕೆರಳಿಸುವುದರಿಂದ ಇವೆರಡೂ ಒಂದನ್ನೊಂದು ಪೋಷಿಸಬಲ್ಲವು. ಅಪಸ್ಮಾರದ ಬಹುತೇಕ ಔಷಧಗಳು ನರಕೋಶಗಳ ವಿದ್ಯುತ್ ಚಟುವಟಿಕೆಯನ್ನು ಹತ್ತಿಕ್ಕುತ್ತವೆಯೇ ಹೊರತು ಅದರ ಹಿಂದಿನ ಉರಿಯೂತವನ್ನಲ್ಲ.

ಲಕ್ಷಣಗಳು ಮತ್ತು ರೋಗನಿರ್ಣಯ

ಆರಂಭದಲ್ಲಿ ಸೆಳವುಗಳು ವಿರಳವಾಗಿರಬಹುದು. ಬಳಿಕ ಅವು ಪದೇ ಪದೇ ಮರುಕಳಿಸುತ್ತವೆ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮುಖ ಅಥವಾ ಕೈಯ ಅದುರುವಿಕೆ ದಿನಗಟ್ಟಲೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ನಿಲ್ಲದೆ ಮುಂದುವರಿಯುತ್ತದೆ. ಕ್ರಮೇಣ ಬಾಧಿತ ಅರ್ಧಗೋಳಕ್ಕೆ ವಿರುದ್ಧವಾದ ಪಾರ್ಶ್ವದ ಕೈಕಾಲುಗಳು ಶಕ್ತಿ ಕಳೆದುಕೊಳ್ಳುತ್ತವೆ. ಇಇಜಿ ಪರೀಕ್ಷೆ ಹಾಗೂ ಒಂದು ಅರ್ಧಗೋಳ ಕುಗ್ಗಿರುವುದನ್ನು ತೋರಿಸುವ ಎಂಆರ್‌ಐ ಚಿತ್ರಗಳು ರೋಗನಿರ್ಣಯಕ್ಕೆ ನೆರವಾಗುತ್ತವೆ. ಕೆಲವು ಸಂದರ್ಭಗಳಲ್ಲಿ ಮಿದುಳಿನ ಅಂಗಾಂಶದ ಪರೀಕ್ಷೆ ಅಗತ್ಯವಾಗುತ್ತದೆ.

ಚಿಕಿತ್ಸೆ

ಸ್ಟೀರಾಯ್ಡ್, ರಕ್ತನಾಳದ ಮೂಲಕ ನೀಡುವ ಇಮ್ಯುನೊಗ್ಲಾಬ್ಯುಲಿನ್, ಟ್ಯಾಕ್ರೊಲಿಮಸ್ ಮುಂತಾದವು ಉರಿಯೂತವನ್ನು ತಗ್ಗಿಸಿ ದೌರ್ಬಲ್ಯದ ಬೆಳವಣಿಗೆಯನ್ನು ನಿಧಾನಗೊಳಿಸಬಹುದು. ಆದರೂ ಸೆಳವುಗಳು ಬಹುತೇಕ ಮುಂದುವರಿಯುತ್ತವೆ. ಬಾಧಿತ ಅರ್ಧಗೋಳವನ್ನು ತೆಗೆದುಹಾಕುವ ಅಥವಾ ಉಳಿದ ಮಿದುಳಿನಿಂದ ಅದರ ಸಂಪರ್ಕವನ್ನು ಕಡಿದುಹಾಕುವ ಶಸ್ತ್ರಚಿಕಿತ್ಸೆಯಿಂದ ಹೆಚ್ಚಿನ ರೋಗಿಗಳಲ್ಲಿ ಸೆಳವುಗಳು ನಿಲ್ಲುತ್ತವೆ. ಇದರ ಪರಿಣಾಮವಾಗಿ ವಿರುದ್ಧ ಪಾರ್ಶ್ವದ ಕೈಬೆರಳುಗಳ ಸೂಕ್ಷ್ಮ ಚಲನೆ ಮತ್ತು ದೃಷ್ಟಿಕ್ಷೇತ್ರದ ಅರ್ಧಭಾಗ ಶಾಶ್ವತವಾಗಿ ನಷ್ಟವಾಗುತ್ತವೆ. ನಡೆಯುವ ಸಾಮರ್ಥ್ಯ ಮಾತ್ರ ಸಾಮಾನ್ಯವಾಗಿ ಮರಳುತ್ತದೆ. ಭಾಷೆಯನ್ನು ನಿಯಂತ್ರಿಸುವ ಅರ್ಧಗೋಳವೇ ಬಾಧಿತವಾದಾಗ ನಿರ್ಧಾರ ಇನ್ನಷ್ಟು ಕಠಿಣ. ಎಳೆಯ ವಯಸ್ಸಿನಲ್ಲಿ ಭಾಷಾಸಾಮರ್ಥ್ಯವು ಇನ್ನೊಂದು ಅರ್ಧಗೋಳಕ್ಕೆ ವರ್ಗವಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಮಗುವಿಗೆ ಉಳಿದಿರುವ ಸಾಮರ್ಥ್ಯ ಮತ್ತು ವಿಳಂಬದಿಂದಾಗುವ ಹಾನಿ ಇವೆರಡನ್ನೂ ತೂಗಿ ಶಸ್ತ್ರಚಿಕಿತ್ಸೆಯ ಸಮಯವನ್ನು ನಿರ್ಧರಿಸಲಾಗುತ್ತದೆ.